ಅಕ್ಕರಿಗರು: ಮಾತನ್ನು ಖರ್ಚು ಮಾಡುವ ಒಂದು ಗುಟ್ಟಿನ ಕೂಟ

ನಮ್ಮ ಆಟದಲ್ಲಿ ಮಂತ್ರ ಹಾಕುವವರು ಬಾಯಿಬಿಟ್ಟು ಒಂದು ಕನ್ನಡ ಮಾತು ಹೇಳಬೇಕು. ಹೇಳಿದ ಮೇಲೆ ಆ ಮಾತು ಅವರದಲ್ಲ. ಆವತ್ತಿನ ಆಟ ಮುಗಿಯುವ ತನಕ ಅದನ್ನು ಮತ್ತೆ ಹೇಳುವ ಹಾಗಿಲ್ಲ. ಮಂತ್ರಕ್ಕೂ ಇಲ್ಲ, ಸುಮ್ನೆ ಹರಟೆಗೂ ಇಲ್ಲ. 'ನೀರು' ಅಂತ ಹೇಳಿ ಬತ್ತಿದ ಬಾವಿ ಉಕ್ಕಿಸಿದವಳು ಆಮೇಲೆ ಬಾಯಾರಿದರೆ ಲೋಟ ತೋರಿಸಿ ಸನ್ನೆ ಮಾಡಬೇಕು. ಹೀಗೆ ಮಾತನ್ನೇ ಖರ್ಚು ಮಾಡಿ ಬದುಕುವ ಪಂಡಿತರ ಒಂದು ಗುಟ್ಟಿನ ಕೂಟವನ್ನು ನಮ್ಮ ಆಟದ ಲೋಕದಲ್ಲಿ ಕಟ್ಟಿದ್ದೇನೆ. ಅವರಿಗೆ ಅಕ್ಕರಿಗರು ಅಂತ ಹೆಸರು. ಹಳಗನ್ನಡದಲ್ಲಿ ಓದು ಬರಹ ಬಲ್ಲವರಿಗೆ ಹಾಗೆ ಅನ್ನುತ್ತಿದ್ದರು, ಅಲ್ಲಿಂದ ಎತ್ತಿಕೊಂಡೆ. ಈ ಕೂಟ ಹಾಸನದ ಸುತ್ತಮುತ್ತಲ ಕಲ್ಲುಗಳಿಂದ ಹೇಗೆ ಹುಟ್ಟಿತು ಅಂತ ಬರೆಯಬೇಕು ಅನ್ನುವ ಆಸೆ ತುಂಬಾ ದಿನದಿಂದ ಇತ್ತು.

ಈ ಬಗೆಯ ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಹೊರತಂದರು. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವುದು, ಒಬ್ಬರು ಡಿಎಂ ಆಗಿ ಉಳಿದ ಲೋಕವನ್ನೆಲ್ಲ ನಡೆಸುವುದು, ಆಗುತ್ತೋ ಇಲ್ಲವೋ ಅನ್ನುವ ಜಾಗದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುವುದು. ನಾವು ಭಾನುವಾರ ಮಧ್ಯಾಹ್ನ ಗೆಳೆಯನೊಬ್ಬನ ಮನೆಯ ಮಹಡಿಯಲ್ಲಿ ಆಡುತ್ತೇವೆ. ಡಿಎಂ ನಾನು. ಆಡುವವರಲ್ಲಿ ಒಬ್ಬಳು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ, ಒಬ್ಬ ಸಕಲೇಶಪುರದ ಕಡೆಯ ತೋಟದವನು, ಒಬ್ಬಳ ಮನೆಮಾತು ತಮಿಳು, ಇನ್ನೊಬ್ಬ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

ಡಿ ಅಂಡ್ ಡಿಯಲ್ಲೂ ಮಾತಿನ ಮಂತ್ರ ಇದೆ. ಬಹಳಷ್ಟು ಮಂತ್ರಗಳಿಗೆ ಬಾಯಿಯಿಂದ ಏನಾದರೂ ನುಡಿಯಲೇಬೇಕು ಅನ್ನುವ ನಿಯಮ ಇದೆ, ಅದಕ್ಕೇ ಯಾರಾದರೂ 'ಸೈಲೆನ್ಸ್' ಹಾಕಿ ಸದ್ದು ಕಟ್ಟಿಬಿಟ್ಟರೆ ದೊಡ್ಡ ದೊಡ್ಡ ಮಾಂತ್ರಿಕರೂ ಕೈಕಟ್ಟಿ ಕೂರಬೇಕು. ಒಂಬತ್ತನೇ ಮಟ್ಟದಲ್ಲಿ 'ಪವರ್ ವರ್ಡ್ ಕಿಲ್' ಅಂತ ಒಂದಿದೆ: ಎದುರಾಳಿಯ ಜೀವಬಲ 100 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಂದೇ ಮಾತಿಗೆ ಪ್ರಾಣ ಹೋಗುತ್ತದೆ. ಆದರೆ ಆ ಮಾತು ಯಾವುದು? ಪುಸ್ತಕ ಹೇಳುವುದಿಲ್ಲ, ಆಡುವವರು ಕೇಳುವುದೂ ಇಲ್ಲ. 'ಪವರ್ ವರ್ಡ್ ಹಾಕಿದೆ' ಅಂತ ಮಂತ್ರದ ಹೆಸರು ಹೇಳಿದರೆ ಕೆಲಸ ಮುಗೀತು. ಮಾತಿನ ಮಂತ್ರದಲ್ಲಿ ಮಾತೇ ಇಲ್ಲ. ಆ ಮಟ್ಟಿಗೆ ಮೊದಲನೇ ಮಟ್ಟದ ಪುಟ್ಟ ಮಂತ್ರ 'ಕಮಾಂಡ್' ನನಗೆ ಜಾಸ್ತಿ ಇಷ್ಟ, ಅದರಲ್ಲಿ ಒಂದೇ ಪದದ ಅಪ್ಪಣೆ ಕೊಡಬೇಕು, 2014ರ ನಿಯಮದಲ್ಲಿ ಆ ಪದವನ್ನು ಆಡುವವರೇ ಯೋಚಿಸಿ ಹೇಳಬಹುದಿತ್ತು.

2006ರಲ್ಲಿ ಇದೇ ಆಟಕ್ಕೆ ಟ್ರೂನೇಮರ್ ಎಂಬ ಹೊಸ ಬಗೆಯ ಮಾಂತ್ರಿಕ ಬಂದ. ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ, ಅದನ್ನು ಸರಿಯಾಗಿ ನುಡಿದರೆ ಅದು ಮಾತು ಕೇಳುತ್ತದೆ ಅನ್ನುವ ಕಲ್ಪನೆ. ಎಂಥ ಚಂದದ ಕಲ್ಪನೆ ಅಲ್ವಾ! ನಡೆಸಿದ್ದು ಮಾತ್ರ ಬರೀ ಲೆಕ್ಕದಲ್ಲಿ. ಎದುರಾಳಿ ಒಂದು ಮೆಟ್ಟಿಲು ಏರಿದರೆ ನುಡಿಯುವ ಕಷ್ಟ ಎರಡು ಏರುತ್ತಿತ್ತು, ನುಡಿಯುವವನ ಪಳಗಿಕೆ ಏರುತ್ತಿದ್ದದ್ದು ಒಂದೇ. ಹಾಗಾಗಿ ದೊಡ್ಡವನಾದಷ್ಟೂ ಅವನ ಮಾತು ತೊದಲುತ್ತಿತ್ತು. ಆದರೂ ಅದರಲ್ಲಿದ್ದ ಒಂದು ನಿಯಮ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದೇ ನುಡಿಯನ್ನು ಒಂದು ದಿನದಲ್ಲಿ ಮತ್ತೆ ಮತ್ತೆ ಬಳಸಿದರೆ ಸಲಸಲಕ್ಕೂ ಅದು ಕಷ್ಟವಾಗುತ್ತಾ ಹೋಗುತ್ತದೆ. ಆಡಿದಷ್ಟೂ ಮಾತು ಸವೆಯುತ್ತದೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಅನ್ನುವ ಊರಿನವರಿಗೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಲೆಕ್ಕ ಬಿಟ್ಟು ಆ ನಿಯಮವನ್ನಷ್ಟೇ ಇಟ್ಟುಕೊಂಡೆ. ಸವೆಯುವುದಕ್ಕೆ ಬದಲು ನಮ್ಮಲ್ಲಿ ಮಾತು ಪೂರ್ತಿ ಕಳೆದೇಹೋಗುತ್ತದೆ.

ಮೊದಲ ಜಗಳ ಸಮಾನ ಪದಗಳ ಮೇಲೆ ಎದ್ದಿತು. ರಿಪೇರಿ ಅಂಗಡಿಯವನು 'ಬೆಂಕಿ' ಖರ್ಚು ಮಾಡಿದ, ಮುಂದಿನ ಸುತ್ತಿನಲ್ಲಿ 'ಕಿಚ್ಚು' ಅಂದ. ತೋಟದವನು ಒಪ್ಪಲಿಲ್ಲ, ಎರಡೂ ಒಂದೇ, ಮೋಸ ಇದು ಅಂತ ಎದ್ದು ನಿಂತ. ಕನ್ನಡ ಕಲಿಸುವವಳು, ನಮ್ಮೆಲ್ಲರ ಮೇಡಂ, ಬಿಡಿಸಿ ಹೇಳಿದಳು: "ಒಂದೇ ಅಲ್ಲ ಕಣೋ. ಉರಿ ಕಣ್ಣಲ್ಲೂ ಬರುತ್ತೆ, ಗಾಯದಲ್ಲೂ ಬರುತ್ತೆ. ಕೆಂಡ ಇರೋದು ಒಲೇಲಿ. ಕಿಚ್ಚು ಹೊಟ್ಟೆಯೊಳಗೂ ಇರುತ್ತೆ. ಬೆಂಕಿ ಹಚ್ಚೋ ಕಡೆ ಎಲ್ಲ ಕಿಚ್ಚು ಹಚ್ಚೋಕಾಗುತ್ತಾ?" ಅವಳು ಹೇಳಿದ್ದೇ ನಿಯಮವಾಯಿತು. ಬೇರೆ ಮಾತು ಅಂದರೆ ಬೇರೆ ಮಂತ್ರ, ಆ ಮಾತು ಎಲ್ಲೆಲ್ಲಿ ಹೊಂದುತ್ತದೋ ಅಲ್ಲಲ್ಲಿ ಮಾತ್ರ ನಡೆಯುತ್ತದೆ. ರಿಪೇರಿ ಅಂಗಡಿಯವನು ಕಿಚ್ಚನ್ನು ಕೋಟೆಯ ಬಾಗಿಲಿಗೆ ಹಾಕಲಿಲ್ಲ, ಕಾವಲಿನ ಇಬ್ಬರ ಹೊಟ್ಟೆಗೆ ಹಾಕಿದ. ಅವರಿಬ್ಬರೂ ಹೊಟ್ಟೆಕಿಚ್ಚಿನಲ್ಲಿ ಹೊಡೆದಾಡಿಕೊಂಡರು, ಇವರು ಒಳಗೆ ನುಗ್ಗಿದರು. ಆಮೇಲಿಂದ ಎಲ್ಲರೂ ಮನೆಯಲ್ಲಿ ಅಜ್ಜಿ, ಅತ್ತೆ, ದೊಡ್ಡಪ್ಪನ ಹತ್ತಿರ ಮಾತು ಕೇಳಿಕೊಂಡು ಬರುತ್ತಾರೆ. ತೋಟದವನು ಮಳೆಗಾಲದ ಮಾತುಗಳನ್ನೇ ಒಂದು ನೋಟ್‌ಬುಕ್ಕಿನಲ್ಲಿ ತುಂಬಿಕೊಂಡಿದ್ದಾನೆ: ಜಡಿಮಳೆ, ಸೋನೆ, ಜಿಟಿಜಿಟಿ, ಹೊಳವಾಗುವುದು, ಇರಚಲು.

ಆಟದ ಪುಸ್ತಕಗಳಲ್ಲಿ ಒಂದೊಂದು ಮಂತ್ರಕ್ಕೂ ಒಂದು ಪಟ್ಟಿ ಇರುತ್ತದೆ. ಎಷ್ಟು ದೂರ ನಡೆಯುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಏನೇನು ಸಾಮಾನು ಬೇಕು, ಎದುರಾಳಿ ತಪ್ಪಿಸಿಕೊಳ್ಳುವುದು ಹೇಗೆ, ಹೀಗೆ. ಇದನ್ನು ನಮ್ಮ ಲೋಕಕ್ಕೆ ಹೊಂದಿಸುವಾಗ ನನಗೆ ಹೊಳೆದದ್ದು ಶಾಸನ. ಒಂದು ದಾನಶಾಸನ ತೆಗೆದುಕೊಳ್ಳಿ. 'ಸ್ವಸ್ತಿ' ಅಂತ ಶುರು. ಆಳುವವನ ಹೊಗಳಿಕೆ. ಶಕವರ್ಷ, ಸಂವತ್ಸರ, ತಿಥಿ. ಯಾರು ಯಾರಿಗೆ ಕೊಟ್ಟರು. ಕೈಗೆ ನೀರು ಹೊಯ್ದು ಕೊಟ್ಟದ್ದು, ಅಂದರೆ ಧಾರಾಪೂರ್ವಕ. ಮೂಡಲು ಎಲ್ಲಿಯವರೆಗೆ, ತೆಂಕಲು ಯಾವ ಹುಣಸೆಮರದವರೆಗೆ, ಪಡುವಲು ಯಾವ ಕೆರೆಕೋಡಿಯವರೆಗೆ ಅಂತ ಎಲ್ಲೆ. ಸಾಕ್ಷಿಗಳು. ಎಷ್ಟು ಕಾಲ? ಚಂದ್ರಸೂರ್ಯರು ಇರುವವರೆಗೆ, ಅದಕ್ಕೇ ಕಲ್ಲಿನ ತಲೆಯ ಮೇಲೆ ಆ ಇಬ್ಬರನ್ನೂ ಕೆತ್ತಿರುತ್ತಾರೆ. ಕೊನೆಗೆ ಶಾಪ: ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಎಷ್ಟೋ ಕಡೆ ಬರೆದವನ, ಕಂಡರಿಸಿದವನ ಹೆಸರೂ ಇರುತ್ತದೆ.

ಇದು ಪೂರ್ತಿ ಒಂದು ಮಂತ್ರದ ಪಟ್ಟಿಯೇ! ಎಲ್ಲೆ ಅಂದರೆ ಮಂತ್ರ ನಡೆಯುವ ದೂರ. ಚಂದ್ರಸೂರ್ಯರು ಅಂದರೆ ಅವಧಿ. ಧಾರೆಯ ನೀರು ಸಾಮಾನು. ಶಾಪ ಅಂದರೆ ಮುರಿದವನ ಮೇಲೆ ಏನು ಬೀಳುತ್ತದೆ ಅನ್ನುವುದು. ಮತ್ತೆ ಇದು ಬರೀ ಅಲಂಕಾರ ಅಲ್ಲ, ನಿಜವಾಗಲೂ ಕೆಲಸ ಮಾಡಿದ ಮಾತು. ಕೊಟ್ಟ ರಾಜ ಹೋದ, ಅವನ ವಂಶ ಹೋಯಿತು, ಆದರೂ ಆ ಕಲ್ಲಿನ ಮೇಲಿನ ಮಾತು ಎಷ್ಟೋ ತಲೆಮಾರು ಜನರ ಕೈ ತಡೆದಿದೆ.

ಹಾಗಾಗಿ ಅಕ್ಕರಿಗರ ದೊಡ್ಡ ಮಂತ್ರಗಳನ್ನೆಲ್ಲ ಶಾಸನದ ರೂಪದಲ್ಲೇ ಕಟ್ಟಬೇಕು ಅಂತ ಮಾಡಿದೆ. ಆಡುವವರು ಗಟ್ಟಿಯಾಗಿ ಹೇಳಬೇಕು, ಯಾವ ಭಾಗ ಬಿಟ್ಟರೂ ಅದರ ಫಲ ಇದೆ. ಎಲ್ಲೆ ಹೇಳುವುದನ್ನು ಮರೆತರೆ ಮಂತ್ರ ಚೆಲ್ಲಿಕೊಂಡು ಹೋಗುತ್ತದೆ. ಒಮ್ಮೆ ತೋಟದವನು ಒಂದು ಹಳ್ಳಿಗೆ ರಕ್ಷೆ ಕಟ್ಟುವಾಗ ಪಡುವಣ ಎಲ್ಲೆ ಬಿಟ್ಟ, ಆ ರಕ್ಷೆ ಪಡುವಣ ದಿಕ್ಕಿಗೆ ಹರಿದು ಘಟ್ಟ ಇಳಿದು ಕಡಲ ತನಕ ಹೋಗಿ ತೆಳುವಾಗಿ ಒಡೆಯಿತು. ಸಾಕ್ಷಿ ಇಲ್ಲದಿದ್ದರೆ ಮಂತ್ರವನ್ನು ಯಾರೂ ನಂಬುವುದಿಲ್ಲ, ನಂಬದಿದ್ದರೆ ಬೆಳಗಾಗುವುದರೊಳಗೆ ಕರಗುತ್ತದೆ. ಶಾಪ ಇಲ್ಲದಿದ್ದರೆ ಯಾರು ಬೇಕಾದರೂ ಮುರಿಯಬಹುದು. ಬರೆದವನ ಹೆಸರು ಇರಲೇಬೇಕು, ಯಾಕೆಂದರೆ ಮಂತ್ರದ ಬೆಲೆ ತೆರುವವನು ಅವನೇ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪದ ಕೆಳಗೆ ಬಿರುದಿನ ಸಮೇತ ಹೆಸರು ಕೊರೆದದ್ದನ್ನು ನೋಡಿದಾಗಲೆಲ್ಲ ನನಗೆ ಅದು ಹೆಮ್ಮೆಯ ಜೊತೆಗೆ ಜವಾಬ್ದಾರಿ ಅಂತಲೂ ಅನ್ನಿಸುತ್ತದೆ. ಇದನ್ನು ಮಾಡಿದವನು ನಾನು, ಏನಿದ್ದರೂ ನನ್ನನ್ನು ಕೇಳಿ ಅಂದ ಹಾಗೆ.

ಈಗ ಗುಟ್ಟಿನ ವಿಷಯ. ಕಥೆಗಳಲ್ಲಿ ಗುಟ್ಟಿನ ಕೂಟ ಅಂದರೆ ಕಪ್ಪು ಮುಸುಕು, ನೆಲಮಾಳಿಗೆ, ಲೋಕ ಆಳುವ ಸಂಚು. ನನಗೆ ಅದು ಸಾಲಲಿಲ್ಲ. ಗುಟ್ಟು ಯಾಕೆ ಬೇಕು ಅನ್ನುವುದಕ್ಕೆ ಒಳ್ಳೆಯ ಮನುಷ್ಯರಿಗೂ ಒಪ್ಪುವ ಕಾರಣ ಇರಬೇಕು. ಅಕ್ಕರಿಗರಿಗೆ ಆ ಕಾರಣ ಸವೆತ. ಎಲ್ಲರ ಬಾಯಲ್ಲೂ ಓಡಾಡಿದ ಮಾತಿಗೆ ಬಲ ಕಡಿಮೆ, ಹಾಗಾಗಿ ಬಲವಿರುವ ಮಾತನ್ನು ಮುಚ್ಚಿಡುತ್ತಾರೆ. ಆದರೆ ಯಾರೂ ಆಡದ ಮಾತು ಸತ್ತೇಹೋಗುತ್ತದೆ, ಅದೂ ಅವರಿಗೆ ಗೊತ್ತು. ಮುಚ್ಚಿಟ್ಟರೆ ಸಾಯುತ್ತದೆ, ಬಿಚ್ಚಿಟ್ಟರೆ ಸವೆಯುತ್ತದೆ. ಕೂಟದೊಳಗೆ ಇದೇ ದೊಡ್ಡ ಒಡಕು.

ಅವರ ಭಂಡಾರ ನೆಲಮಾಳಿಗೆಯಲ್ಲಿ ಇಲ್ಲ. ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ, ಹಾಳು ಗುಡಿಯ ಮುಂದೆ ನಿಂತ ಕಲ್ಲುಗಳೇ ಭಂಡಾರ. ಎಲ್ಲರ ಕಣ್ಣೆದುರಿಗೇ ಇದೆ, ಓದಲು ಬರುವುದಿಲ್ಲ ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದು ಕಲ್ಪನೆಯಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಸುಮಾರು ಕ್ರಿ.ಶ. 450ರದ್ದು ಅನ್ನುತ್ತಾರೆ. ಅದನ್ನು ಎಂ.ಎಚ್. ಕೃಷ್ಣ ಅವರು ಲೋಕಕ್ಕೆ ತೋರಿಸಿದ್ದು 1936ರಲ್ಲಿ. ನಡುವಿನ ಅಷ್ಟೂ ಶತಮಾನ ಊರಿನವರು ಅದರ ಪಕ್ಕದಲ್ಲೇ ಓಡಾಡಿದ್ದಾರೆ. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದದ್ದು 1902ರಲ್ಲಿ, ಆಗ ಕಡೂರು ಜಿಲ್ಲೆ ಅನ್ನಿಸಿಕೊಳ್ಳುತ್ತಿದ್ದ ಚಿಕ್ಕಮಗಳೂರಿನದು ಅದಕ್ಕೆ ಒಂದು ವರ್ಷ ಮೊದಲು. ಅದರಲ್ಲಿ ತಾಲ್ಲೂಕಿನ ಹೆಸರಿನ ಜೊತೆ ಒಂದು ಸಂಖ್ಯೆ ಹಾಕಿ ಕಲ್ಲುಗಳನ್ನು ಗುರುತಿಸುತ್ತಾರೆ. ನಮ್ಮ ಅಕ್ಕರಿಗರೂ ಹಾಗೇ ಮಾತಾಡಿಕೊಳ್ಳುತ್ತಾರೆ, ಸಂತೆಯಲ್ಲಿ ನಿಂತು ಊರಿನ ಹೆಸರು, ಒಂದು ಸಂಖ್ಯೆ ಹೇಳಿದರೆ ಕೇಳಿದವರಿಗೆ ಬಸ್ಸಿನ ನಂಬರೋ ಏನೋ ಅನ್ನಿಸಬೇಕು. (ನಮ್ಮ ಲೋಕದಲ್ಲಿ ಬಸ್ಸಿಲ್ಲ, ಗಾಡಿ ಇದೆ. ಲೆಕ್ಕ ಅದೇ.)

ಕೂಟಕ್ಕೆ ಸೇರುವವರು ವೇಳೆವಾಳಿ, ಅಂದರೆ ಪ್ರಾಣ ಹೋದರೂ ತಪ್ಪದ ಆಣೆ, ತೆಗೆದುಕೊಳ್ಳಬೇಕು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರ ಲಕ್ಷ್ಮನ ಗರುಡಗಂಬ ಇದೆಯಲ್ಲ, ಇಮ್ಮಡಿ ಬಲ್ಲಾಳನ ಜೊತೆ ಸಾಯುತ್ತೇನೆ ಅಂತ ಮಾತು ಕೊಟ್ಟವನು ಅವನು. ಅರಸ ಸತ್ತಾಗ ತಾನೂ ಸತ್ತ. ಕೊಟ್ಟ ಮಾತು ಕೊಟ್ಟವನನ್ನೇ ಕೊಲ್ಲುವಷ್ಟು ಗಟ್ಟಿ ಇರುವ ಲೋಕದಲ್ಲಿ ಬೇರೆ ಮಂತ್ರ ಯಾಕೆ ಬೇಕು ಅಂತ ಅಲ್ಲಿ ನಿಂತಾಗ ಅನ್ನಿಸುತ್ತದೆ. ಆಟದಲ್ಲಿ ಸಾವಿನ ತನಕ ಹೋಗಿಲ್ಲ. ಸೇರುವವರು ಒಂದು ಮಾತನ್ನು ಕೂಟಕ್ಕೆ ಶಾಶ್ವತವಾಗಿ ಕೊಟ್ಟುಬಿಡಬೇಕು, ಆ ಪಾತ್ರ ಮುಂದೆಂದೂ ಅದನ್ನು ಆಡುವಂತಿಲ್ಲ. ಮೇಡಂ 'ನಾಳೆ' ಕೊಟ್ಟಳು. ಅವಳ ಪಾತ್ರಕ್ಕೆ ಈಗ ಏನನ್ನೂ ಮುಂದೂಡಲು ಬರುವುದಿಲ್ಲ, ಇವತ್ತೇ ತೀರ್ಮಾನ ಮಾಡಬೇಕು. ಇಡೀ ಗುಂಪಿನ ನಡೆಯೇ ಅದರಿಂದ ಬದಲಾಯಿತು.

ಕೂಟದ ಸಭೆ ವರ್ಷಕ್ಕೆ ಒಂದು ಸಲ, ಒಂದು ಬಾಗಿಲು ತೆರೆದಾಗ ಮಾತ್ರ. ಇದು ಎಲ್ಲಿಂದ ಬಂತು ಅಂತ ಹಾಸನದವರಿಗೆ ಹೇಳಬೇಕಾಗಿಲ್ಲ, ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದೂ ವರ್ಷಕ್ಕೆ ಒಂದೇ ಸಲ. ಕೂಟದವರು ಒಬ್ಬರಿಗೊಬ್ಬರು ಕಳಿಸುವ ಗುಟ್ಟಿನ ಚೀಟಿಗಳಿಗೆ ಮಾತ್ರ ಸಿರಿಭೂವಲಯದ ದಾರಿ ಹಿಡಿದೆ. 27 ಸಾಲು, 27 ಕಂಬದ ಚೌಕದಲ್ಲಿ 1ರಿಂದ 64ರವರೆಗಿನ ಅಂಕಿ ತುಂಬಿ, ಒಂದೊಂದು ಅಂಕಿಗೆ ಒಂದೊಂದು ಅಕ್ಷರ ಇಟ್ಟು, ಗೊತ್ತಾದ ದಾರಿಯಲ್ಲಿ ನಡೆದರೆ ಮಾತ್ರ ಪದ್ಯ ಸಿಗುವ ಹಾಗೆ ಕಟ್ಟಿದ ಗ್ರಂಥ ಅದು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ, ಅದು ಬೇರೆ ವಿಷಯ. ನಾನು 9 ಸಾಲು, 9 ಕಂಬದ ಪುಟ್ಟ ಚೌಕ ಮಾಡಿ ಕೊಟ್ಟೆ. ಮೂಲೆಯಿಂದ ಮೂಲೆಗೆ ಓದಬೇಕು ಅಂತ ರಿಪೇರಿ ಅಂಗಡಿಯವನು ಚಹಾ ಮುಗಿಯುವುದರೊಳಗೆ ಹಿಡಿದುಬಿಟ್ಟ, ದಿನವೆಲ್ಲ ಸರ್ಕ್ಯೂಟ್ ನೋಡುವ ಕಣ್ಣು.

ಇನ್ನು ೞ. ಇದನ್ನು ಬರೆಯಲಿಕ್ಕೇ ಇಷ್ಟೆಲ್ಲ ಬರೆದೆ ಅಂದರೂ ನಡೆಯುತ್ತದೆ. ಹಳಗನ್ನಡದಲ್ಲಿ ಈ ಅಕ್ಷರ ಇತ್ತು, ರಳ ಅನ್ನುತ್ತಾರೆ. ಬರಬರುತ್ತಾ ಜನರ ಬಾಯಲ್ಲಿ ಅದು ಕೆಲವು ಕಡೆ ಳ ಆಯಿತು, ಕೆಲವು ಕಡೆ ರ ಆಯಿತು. ಹಲ್ಮಿಡಿ ಕಲ್ಲಿನ ಶಾಪದಲ್ಲಿ ಅದು ಇದೆ: 'ಅದಾನ್ ಅೞಿವೊನ್ಗೆ ಮಹಾಪಾತಕಂ'. ಇದನ್ನು ಅಳಿಸಿದವನಿಗೆ ಮಹಾಪಾಪ ಅಂತ. ಅಳಿಸಬೇಡ ಅನ್ನುವ ಮಾತಿನಲ್ಲೇ ಇದ್ದ ಅಕ್ಷರ ಅಳಿದುಹೋಯಿತು. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಬರುವ ಮಾತುಗಳನ್ನು ಪಟ್ಟಿ ಮಾಡಿಟ್ಟ. ಯಾವುದಕ್ಕೆ ಳ, ಯಾವುದಕ್ಕೆ ೞ ಅನ್ನುವುದು ಜನರಿಗೆ ತಪ್ಪಿಹೋಗುತ್ತಿತ್ತು. ಕೈಜಾರುತ್ತಿರುವ ಒಂದು ಸದ್ದಿಗಾಗಿ ಕೂತು ಒಂದೊಂದೇ ಮಾತು ಹೆಕ್ಕಿ ಬರೆದ ಆ ಮನುಷ್ಯನನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಅವನು ಕವಿ ಜನ್ನನ ಸೋದರಳಿಯ. ತರೀಕೆರೆ ಹತ್ತಿರದ ಅಮೃತಾಪುರದ ಗುಡಿಯಲ್ಲಿರುವ ದೊಡ್ಡ ಶಾಸನದ ಪದ್ಯಗಳು ಜನ್ನನವು. ಅಕ್ಕರಿಗರ ಮೊದಲ ಗುರುವನ್ನು ಮನಸ್ಸಿನಲ್ಲಿ ರೂಪಿಸುವಾಗ ಕಣ್ಣ ಮುಂದೆ ಇದ್ದವನು ಕೇಶಿರಾಜನೇ.

ಹಾಗಾಗಿ ನಮ್ಮ ಲೋಕದಲ್ಲಿ ೞ ಇರುವ ಮಾತಿಗೆ ಎಲ್ಲಕ್ಕಿಂತ ಹೆಚ್ಚು ಬಲ. ಶತಮಾನಗಳಿಂದ ಯಾರ ಬಾಯೂ ಅದನ್ನು ಸವೆಸಿಲ್ಲ. ಆದರೆ ಸರಿಯಾಗಿ ನುಡಿಯಬೇಕು. ಬರಗಾಲ ಬಿದ್ದ ಸೀಮೆಯಲ್ಲಿ ಗುಂಪು ಸಿಕ್ಕಿಹಾಕಿಕೊಂಡಿತ್ತು, ನೀರಿಗೆ ಸಂಬಂಧಪಟ್ಟ ಮಾತೆಲ್ಲ ಖರ್ಚಾಗಿತ್ತು, ತೋಟದವನ ನೋಟ್‌ಬುಕ್ಕೂ ಖಾಲಿ. ಕಲ್ಲಿನ ಮೇಲೆ 'ಮೞೆ' ಅಂತ ಇತ್ತು. ಮೇಡಂ ಓದಿದಳು, ಆದರೆ ಬಾಯಲ್ಲಿ ಬಂದದ್ದು ಳ. ಎಲ್ಲರೂ ನಾಲಿಗೆ ಮಡಚಿ ನೋಡಿದರು, ಯಾರಿಗೂ ಬರಲಿಲ್ಲ. ಆಗ ತಮಿಳು ಮನೆಮಾತಿನವಳು, "ಇದು ನಮ್ಮನೇಲಿ ದಿನಾ ಹೇಳೋದಲ್ವೇನೇ?" ಅಂದಳು. ಅಂದು, ಅವಳ ಅಮ್ಮ ಕಿಟಕಿ ಹಾಕುವಾಗ ಕೂಗಿ ಹೇಳುವ ಹಾಗೆ, ಆ ಸದ್ದನ್ನು ಸಲೀಸಾಗಿ ಹೇಳಿದಳು.

ನಾನು ದಾಳ ಉರುಳಿಸಲು ಕೇಳಲೇ ಇಲ್ಲ. ಮಳೆ ಬಂತು. ಆವತ್ತು ಆಟ ಅಲ್ಲಿಗೇ ನಿಂತಿತು, ಯಾಕೆಂದರೆ ಉಳಿದವರೆಲ್ಲ ಅವಳ ಮುಂದೆ ಕೂತು ಆ ಸದ್ದು ಕಲಿಯಲು ಶುರುಮಾಡಿದರು. ನಾಲಿಗೆ ಹಿಂದಕ್ಕೆ ಬಾಗಬೇಕು, ಮೇಲೆ ತಾಗಬಾರದು. ಮೇಡಂಗೆ ಅದು ಬಂದಾಗ ಅವಳ ಮುಖ ನೋಡಬೇಕಿತ್ತು. ಹಳಗನ್ನಡ ಪದ್ಯ ಪಾಠ ಮಾಡುತ್ತಾ ಬಂದವಳು ಆ ಅಕ್ಷರವನ್ನು ಸರಿಯಾಗಿ ನುಡಿದದ್ದು ಅದೇ ಮೊದಲು.

ಬೇರೆ ಭಾಷೆಯಿಂದ ಬಂದ ಮಾತು ನಡೆಯುತ್ತಾ ಅನ್ನುವ ಪ್ರಶ್ನೆ ಆಮೇಲೆ ಬಂತು. ಅಜ್ಜಿ ಬಳಸುವ ಮಾತಾದರೆ ನಡೆಯುತ್ತದೆ ಅಂತ ತೀರ್ಮಾನ ಮಾಡಿಕೊಂಡೆವು. ಲೈಟು ನಡೆಯುತ್ತದೆ. ಕಾಫಿ ಖಂಡಿತ ನಡೆಯುತ್ತದೆ, ಬಾಬಾಬುಡನ್ ಏಳು ಬೀಜ ತಂದ ಕಥೆ ಹೇಳುವ ಬೆಟ್ಟದ ಕೆಳಗಿನವರು ನಾವು, ಆ ಮಾತು ಇಲ್ಲಿ ಬೇರು ಬಿಟ್ಟು ಎಷ್ಟೋ ಕಾಲವಾಯಿತು. ಆಟದಲ್ಲಿ ಅದನ್ನು ಹೇಳಿದರೆ ಇಡೀ ಗುಂಪಿನ ದಣಿವು ಹೋಗುತ್ತದೆ. ಆದರೆ ಆಮೇಲೆ ಕಾಫಿ ಬೇಕು ಅಂತ ಕೇಳುವ ಹಾಗಿಲ್ಲ, ಹಾಗಾಗಿ ಅದನ್ನು ಖರ್ಚು ಮಾಡಲು ಎಲ್ಲರೂ ಹಿಂದೆಮುಂದೆ ನೋಡುತ್ತಾರೆ.

ನಿಮ್ಮ ಗುಂಪಿನಲ್ಲಿ ಇದನ್ನು ಆಡಿ ನೋಡುವುದಾದರೆ ಖರ್ಚಾದ ಮಾತುಗಳನ್ನು ಎಲ್ಲರಿಗೂ ಕಾಣುವ ಹಾಗೆ ಒಂದು ಹಲಗೆಯ ಮೇಲೆ ಬರೆಯುತ್ತಾ ಹೋಗಿ. 'ನಾನು', 'ಇಲ್ಲ', 'ಬೇಡ' ಇಂಥವನ್ನು ಮಂತ್ರ ಮಾಡಲು ಬಿಡಿ, ತಡೆಯಬೇಡಿ. 'ಇಲ್ಲ' ಕಳೆದುಕೊಂಡವನು ಆಮೇಲೆ ಎಲ್ಲದಕ್ಕೂ ಒಪ್ಪಿಕೊಳ್ಳುತ್ತಾ ಹೋಗುವ ಕಷ್ಟದಿಂದಲೇ ಒಳ್ಳೊಳ್ಳೆಯ ಕಥೆ ಹುಟ್ಟುತ್ತದೆ. ಗಾದೆ ಹೇಳಿದರೆ ಅದರಲ್ಲಿರುವ ಅಷ್ಟೂ ಮಾತು ಒಟ್ಟಿಗೆ ಖರ್ಚು, ಬಲವೂ ಅಷ್ಟು ಪಟ್ಟು.

ನಮ್ಮ ಕಥೆ ಈಗ ಬಂದು ನಿಂತಿರುವುದು ಕೂಟದ ಒಡಕಿನ ಮೇಲೆ. ಮಳೆ ತರಿಸಿದ ಪಾತ್ರವನ್ನು ಹಿರಿಯ ಅಕ್ಕರಿಗರು ಕರೆಸಿದ್ದಾರೆ. ೞ ಇನ್ನು ಕೂಟಕ್ಕೆ ಸೇರಬೇಕು, ಊರಿನ ಮಕ್ಕಳಿಗೆ ಕಲಿಸಬಾರದು, ವೇಳೆವಾಳಿ ಕೊಡು ಅನ್ನುತ್ತಿದ್ದಾರೆ. ತೋಟದವನು ಕೊಡು ಅನ್ನುತ್ತಾನೆ, ಬರ ಮತ್ತೆ ಬಂದರೆ ಆ ಮಾತಿನ ಬಲ ಉಳಿದಿರಬೇಕು ಅನ್ನುವುದು ಅವನ ವಾದ, ಅದನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಮೇಡಂ ಕಲಿಸಬೇಕು ಅನ್ನುತ್ತಾಳೆ, ಸವೆದರೆ ಸವೆಯಲಿ. ಡಿಎಂ ಆಗಿ ನಾನು ಯಾರ ಕಡೆಗೂ ವಾಲುವಂತಿಲ್ಲ, ಆದರೆ ಮನಸ್ಸಿನಲ್ಲಿ ಮೇಡಂ ಕಡೆಗೇ ಇದ್ದೇನೆ. ಮಳೆ ತರಿಸಿದವಳು ವೇಳೆವಾಳಿ ಕೊಟ್ಟರೆ ಮೇಜಿನ ಸುತ್ತ ಕೂತ ಎಲ್ಲರೂ ಆ ಸದ್ದನ್ನು ಈ ಕಥೆ ಮುಗಿಯುವ ತನಕ ಬಿಡಬೇಕು, ಕಲಿತವರೂ ಸೇರಿ. ಕೊಡದಿದ್ದರೆ ಅವಳ ಹೆಸರಿಗೆ ಒಂದು ಶಾಪದ ಕಲ್ಲು ನಿಲ್ಲುತ್ತದೆ, ಅದರ ಎಲ್ಲೆಯೊಳಗೆ ಯಾರೂ ಅವಳಿಗೆ ಅನ್ನ ನೀರು ಕೊಡುವಂತಿಲ್ಲ. ಎರಡಕ್ಕೂ ಬೇಕಾದ ಶಾಸನ ಬರೆದಿಟ್ಟುಕೊಂಡಿದ್ದೇನೆ. ಭಾನುವಾರ ಅವಳು ಉತ್ತರ ಹೇಳುತ್ತಾಳೆ.